ಕೌದಿಯ ಮೇಲಿನ ಮಳೆ

ಆಗ ನಮ್ಮ ಸಾರವಾಡದ ಕಡೆ ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸಾದವರ ಕಾಲು ನೆಲಕ್ಕೆ ತಾಗುತ್ತಿರಲಿಲ್ಲ. ನಮ್ಮ ಮಾಸ್ತರರಂತೂ ಆ ಒಂದು ಪಾಸಿನ ಮೇಲೆ, ತಲೆಗೆ ಮತ್ತೆ ಕೆಲಸ ಕೊಡದೆ, ಜೀವಮಾನ ಕಳೆದರು.

ನನ್ನ ಅಕ್ಕ ಗಂಗವ್ವನ ಕಣ್ಣು ಮೈಲಿಬೇನೆಯಲ್ಲಿ ಹೋಗಿದ್ದವು. ನಾನು ಓದಿ ಹೇಳಿದ್ದು ನನಗಿಂತ ಮೊದಲು ಅವಳಿಗೆ ಬಾಯಿಪಾಠವಾಗುತ್ತಿತ್ತು. ತಾನೂ ವಿಜಾಪುರಕ್ಕೆ ಹೋಗಿ ಮುಲ್ಕಿಗೆ ಕೂಡಬೇಕು, ಹೇಳಿದ್ದನ್ನು ಬೇರೆ ಯಾರಾದರೂ ಬರೆದುಕೊಡಬೇಕು ಎಂಬ ಹಟ ಅವಳದು.

"ಸಾಲಿ ಗೋಡಿ ಮ್ಯಾಲಿನ ಮಳಿ ಆಲೇಖ ಓದಿ ತೋರಸಲಿ, ಅರ್ಜಿಗೆ ಸಹಿ ಮಾಡ್ತೀನಿ" ಎಂದು ಮಾಸ್ತರರು ಹಲ್ಲು ಕಿರಿದರು. ಯಾವ ಮಳೆ ಎಷ್ಟು ಬಿತ್ತೆಂದು ಚೌಕಳಿ ಕಾಗದದ ಮೇಲೆ ಏರಿಳಿಯುವ ಗೆರೆಯಲ್ಲಿ ತೋರಿಸುವ ಪಟ ಅದು.

ಆ ಗೆರೆಯನ್ನು ಅಕ್ಕನ ಕೈಗೆ ಸಿಗುವಂತೆ ಮನೆಯ ಕೌದಿಗೆ ಇಳಿಸಿದೆವು. ಹಳೆ ಬಟ್ಟೆ ಸೇರಿಸಿ ಹೊಲಿದ ಕೌದಿಗೆ ಉದ್ದಕ್ಕೂ ಅಡ್ಡಕ್ಕೂ ಹೊಲಿಗೆ ಇದ್ದೇ ಇರುತ್ತದಲ್ಲ, ಅದೇ ನಮ್ಮ ಚೌಕಳಿಯಾಯಿತು. ಮಿರಗದಿಂದ ಸ್ವಾತಿಯವರೆಗೆ ಒಂದೊಂದು ಮಳೆಗೆ ಒಂದೊಂದು ಗಂಟು, ಮಳೆ ಹೆಚ್ಚಿದ್ದಷ್ಟು ಮೇಲಿನ ಚೌಕಕ್ಕೆ ಹಾಕಿ, ಗಂಟಿನಿಂದ ಗಂಟಿಗೆ ದಪ್ಪ ದಾರ ಎಳೆದೆವು. ಅಕ್ಕನ ಬೆರಳು ಅದರ ಮೇಲೆ ಏರಿ ಇಳಿಯುತ್ತಿತ್ತು. ಸಾಲದೆಂದು ಹಿತ್ತಾಳೆ ಬಟ್ಟಲುಗಳನ್ನು ಸಾಲಾಗಿಟ್ಟೆವು. ಹೆಚ್ಚು ಮಳೆಗೆ ಹೆಚ್ಚು ನೀರು, ಬಡಿದರೆ ದಪ್ಪ ದನಿ.

ಅಕ್ಕ ಓದುವುದನ್ನು ನೋಡಲೆಂದು ಮಾಸ್ತರರು ಮನೆಗೆ ಬಂದರು. ದೊಡ್ಡವರು ಬಂದರೆ ಕೌದಿ ಹಾಸುವುದು, ಬೆಲ್ಲ ನೀರು ಕೊಡುವುದು ನಮ್ಮ ರೂಢಿ. ಅಕ್ಕ ಓದಲೆಂದು ಹಾಸಿದ್ದ ಆ ಕೌದಿ ಕಂಡದ್ದೇ ತಡ, ಅದರ ಮೇಲೆ ಕೂತೇಬಿಟ್ಟರು. ಅವ್ವ ಕೊಟ್ಟ ಬೆಲ್ಲ ಬಾಯಿಗೆ ಹಾಕಿಕೊಂಡು, ಎಲ್ಲಕ್ಕಿಂತ ತುಂಬಿದ ಬಟ್ಟಲು ಎತ್ತಿ ಗಟಗಟ ಕುಡಿದಿಟ್ಟರು.

"ಎಲ್ಲೈತಿ ಆಲೇಖ?"

ಅಕ್ಕ ಬಟ್ಟಲುಗಳನ್ನು ಬಡಿಯುತ್ತ ಹೋದಳು. ಒಂದು ಮಾತ್ರ ಕಿಣ್ ಎಂದಿತು.

"ಉತ್ತರಿ ಮಳಿ ನೀವು ಕುಡದೀರಿ ಮಾಸ್ತರ್ರ. ಉಳದದ್ದರ ಮ್ಯಾಲ ಕುಂತೀರಿ. ಸ್ವಲ್ಪ ಏಳ್ರಿ, ಓದ್ತೀನಿ."

"ಹೆಂಗಸರ ಹೊಲಿಗಿ ಗಣಿತ ಆಗ್ತೈತೇನು? ಕಣ್ಣಿಲ್ಲದಾಕಿಗೆ ಮುಲ್ಕಿ ಯಾಕ ಬೇಕ?"

ಏಳಲಿಲ್ಲ. ಇನ್ನೊಂದು ಚೂರು ಬೆಲ್ಲ ಕೇಳಿದರು. ಸಹಿಯನ್ನೂ ಮಾಡಲಿಲ್ಲ. ಅಷ್ಟು ದಪ್ಪ ಗಂಟುಗಳ ಮೇಲೆ ಕೂತೂ ಏನೂ ತಿಳಿಯದ ಮನುಷ್ಯ.

ಆ ವರ್ಷ ನಾನು ಮುಲ್ಕಿಗೆ ಕೂತೆ. ಆಲೇಖದ ಪ್ರಶ್ನೆಯೇ ಬಂತು, ಅಕ್ಕನ ಬೆರಳು ನೆನೆದು ಬರೆದು ಪಾಸಾದೆ. "ನಾ ತಯಾರ ಮಾಡಿದ ಹುಡುಗಿ" ಎಂದು ಮಾಸ್ತರರು ಊರೆಲ್ಲ ಹೇಳಿಕೊಂಡು ತಿರುಗಿದರು.

ಈಗ ಮುಟ್ಟಿ, ಕೇಳಿ ಓದುವ ಆಲೇಖಗಳು ಬಂದಿವೆಯಂತೆ. ತಾವೇ ಮೊದಲು ಕಂಡುಹಿಡಿದವರಂತೆ ಶಾಲು ಹೊದ್ದು ಭಾಷಣ ಮಾಡುವವರನ್ನು ನೋಡಿದರೆ ನನಗೆ ಮೈ ಉರಿಯುತ್ತದೆ. ಅಕ್ಕನಿಗೆ ಅವು ಸಿಗಲಿಲ್ಲ. ನಾನು ಪಾಸಾದ ಮೇಲೆ ಅವಳು ನನ್ನಿಂದ ಒಂದು ಪುಟವನ್ನೂ ಓದಿಸಿಕೊಳ್ಳಲಿಲ್ಲ.

ಮಾಸ್ತರರನ್ನು ಬೈಯುವ ನಾನೇನು ದೊಡ್ಡವಳು? ನನ್ನ ಸರ್ಟಿಫಿಕೇಟಿಗೆ ಚೌಕಟ್ಟು ಹಾಕಿಸಿ, ಹೆಮ್ಮೆಯಿಂದ ಅವಳ ಕೈಗೇ ಕೊಟ್ಟಿದ್ದೆ. ಮೂಲೆಯಿಂದ ಮೂಲೆಗೆ ಬೆರಳಾಡಿಸಿ, ತಿರುಗಿ ನನಗೇ ಕೊಟ್ಟಳು.

"ಬರೇ ಗಾಜ ಐತಿ" ಅಂದಳು.