ಎಲ್ಲರಿಗೂ ಅದೇ ಪುಟ

ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಮಾಂಸದ ಕಾರ್ಖಾನೆಯಲ್ಲಿ ಬೆಳಗಿನ ಪಾಳಿ ಶುರುವಾಗುವ ಹೊತ್ತು. ಅಪ್ಪ ಅಮ್ಮಂದಿರು ಕಾರಿನ ಎಂಜಿನ್ ಆರಿಸುವುದಕ್ಕೂ ಪುರುಸೊತ್ತಿಲ್ಲದೆ ಮಕ್ಕಳನ್ನು ಶಾಲೆಯ ಬಾಗಿಲಲ್ಲಿ ಇಳಿಸಿ ಹೋಗುತ್ತಿದ್ದಾರೆ. ಬೂಟಿಗಂಟಿದ ಹಿಮವನ್ನು ಕುಟ್ಟಿ ಉದುರಿಸಿ ಮಕ್ಕಳು ಊಟದ ಕೋಣೆಗೆ ನುಗ್ಗುತ್ತವೆ. ಅಲ್ಲಿ ಬಿಸಿ ಪ್ಯಾನ್‌ಕೇಕು, ಹಾಲಿನ ಪೊಟ್ಟಣ, ಮತ್ತು ಮಾರ್ಲಾ ವೊಂಡ್ರಾ.

ಮಾರ್ಲಾ ನಾಲ್ಕನೇ ತರಗತಿಯ ಟೀಚರು. ಈ ಹೊತ್ತಿನಲ್ಲಿ ಮಾತ್ರ ಕಾವಲುಗಾರ್ತಿ. ಮಕ್ಕಳು ಜಗಳವಾಡದಂತೆ, ಹಾಲು ಚೆಲ್ಲದಂತೆ ನೋಡಿಕೊಳ್ಳುವುದಷ್ಟೇ ಅವರ ಕೆಲಸ. ಆದರೆ ಅವರು ನೊಹೆಮಿ ಎಂಬ ಹುಡುಗಿಯ ತಟ್ಟೆ ಎಳೆದುಕೊಂಡು ಪ್ಯಾನ್‌ಕೇಕನ್ನು ಎಂಟು ತುಂಡು ಮಾಡುತ್ತಿದ್ದಾರೆ. ಗ್ವಾಟೆಮಾಲಾದ ಬೆಟ್ಟದ ಊರಿಂದ ಬಂದ ನೊಹೆಮಿಗೆ ಲೆಕ್ಕ ಬರುತ್ತದೆ, ಲೆಕ್ಕದ ಇಂಗ್ಲಿಷು ಬರುವುದಿಲ್ಲ. ಎದುರಿಗೆ ಕುಳಿತ ಸೊಮಾಲಿ ಹುಡುಗಿ ಹೋದನ್‌ಗೆ ಎರಡೂ ನೀರು ಕುಡಿದಷ್ಟು ಸುಲಭ.

"ಮಿಸ್, ಇದನ್ನ ಮುಗಿಸಿ ಆಯ್ತು. ನಿನ್ನೇದೇ ಇದಕ್ಕಿಂತ ಕಷ್ಟ ಇತ್ತು," ಹೋದನ್ ಹಾಳೆ ಮುಂದಕ್ಕೆ ತಳ್ಳುತ್ತಾಳೆ.

"ಹಾಗಾದ್ರೆ ಇನ್ನೂ ಕಷ್ಟದ್ದು ಕೊಡ್ತೀನಿ. ಆಮೇಲೆ ಅಳಬಾರದು."

"ನಾನ್ಯಾಕೆ ಅಳ್ಲಿ? ನೊಹೆಮಿ ಅಳ್ತಾಳೆ, ನೀವು ಅವಳ ತಿಂಡೀನೆಲ್ಲ ಚೂರು ಮಾಡಿಟ್ರಿ."

ನೊಹೆಮಿ ಎರಡು ತುಂಡು ಬಾಯಿಗೆ ಹಾಕಿಕೊಂಡು, ಉಳಿದದ್ದನ್ನು ಬೆರಳಲ್ಲಿ ಎಣಿಸಿ, "ಎಂಟರಲ್ಲಿ ಆರು," ಎನ್ನುತ್ತಾಳೆ, ಇಂಗ್ಲಿಷಿನಲ್ಲಿಯೇ. ಮಾರ್ಲಾ ಅವಳ ಬೆನ್ನು ತಟ್ಟುತ್ತಾರೆ. ತಟ್ಟುವಾಗ ಒಮ್ಮೆ ಬಾಗಿಲ ಕಡೆ ನೋಡುತ್ತಾರೆ. ಯಾರೂ ಬಂದಿಲ್ಲ.

ಪ್ಲಾಟ್ ನದಿಯ ದಡದ ಈ ಊರಿನಲ್ಲಿ ಮಾರ್ಲಾ ಪಾಠ ಹೇಳಲು ಶುರು ಮಾಡಿ ಮೂವತ್ತು ವರ್ಷ ದಾಟಿದೆ. ಆಗ ತರಗತಿಯಲ್ಲಿ ಇದ್ದವರೆಲ್ಲ ಅವರ ಹಾಗೆಯೇ ಚೆಕ್, ಜರ್ಮನ್ ಮನೆತನದ ರೈತರ ಮಕ್ಕಳು. ಈಗ ಇಪ್ಪತ್ತಾರು ಮಕ್ಕಳ ನಡುವೆ ಏಳು ಮನೆಮಾತು. ಬದಲಾದದ್ದು ಭಾಷೆ ಮಾತ್ರ ಎನ್ನುತ್ತಾರೆ ಅವರು. "ಆಗಲೂ ಒಬ್ಬನ ಹಾಗೆ ಇನ್ನೊಬ್ಬ ಇರ್ಲಿಲ್ಲ. ಎಲ್ರ ಮುಖವೂ ಒಂದೇ ಥರ ಕಾಣ್ತಿತ್ತು ನೋಡಿ, ಅದಕ್ಕೇ ತಲೆಯೂ ಒಂದೇ ಅಂದ್ಕೊಂಡಿದ್ವಿ."

ಹಾಗಾಗಿ ಅವರ ತರಗತಿಯಲ್ಲಿ ಇಪ್ಪತ್ತಾರು ಹಾಳೆ ಇರುತ್ತಿದ್ದವು. ಪಾಠ ಒಂದೇ, ಒಳಗೆ ಹೋಗುವ ದಾರಿ ಬೇರೆ ಬೇರೆ. ಒಬ್ಬಳಿಗೆ ಚಿತ್ರ, ಒಬ್ಬನಿಗೆ ಕಥೆ, ಇನ್ನೊಬ್ಬನಿಗೆ ಕೈಯಲ್ಲಿ ಹಿಡಿಯುವ ಸಾಮಾನು. ತಯಾರಿಗೆ ಭಾನುವಾರಗಳು ಹೋಗುತ್ತಿದ್ದವು. ಗಂಡ ಇದ್ದಷ್ಟು ದಿನ ಅಡುಗೆಮನೆಯ ಮೇಜು ತನಗೆ ಸಿಗುವುದೇ ಇಲ್ಲವೆಂದು ಗೊಣಗುತ್ತಿದ್ದರಂತೆ. ಎಲ್ಲರ ಹಾಳೆಯೂ ಬೇರೆಯಾದ್ದರಿಂದ ಯಾರೂ ಪಕ್ಕದವನ ಹಾಳೆ ಇಣುಕುತ್ತಿರಲಿಲ್ಲ. ಇದನ್ನು ಮಾರ್ಲಾ ಒತ್ತಿ ಹೇಳುತ್ತಾರೆ, ಮುಂದೆ ಆದದ್ದಕ್ಕೆಲ್ಲ ಇದೇ ಮೂಲವೆನ್ನುವ ಹಾಗೆ.

ವೆಸ್ಟನ್ ಅವರ ತರಗತಿಗೆ ಬಂದದ್ದು ಎರಡು ವರ್ಷದ ಹಿಂದೆ. ಹೆದ್ದಾರಿ ಪಕ್ಕದಲ್ಲಿ ಟ್ರ್ಯಾಕ್ಟರ್ ರಿಪೇರಿ ಮಾಡುವ ಕರ್ಟ್‌ನ ಮಗ. ಪುಟ ತೆರೆದರೆ ಅಕ್ಷರಗಳು ಅವನ ಕಣ್ಣೆದುರು ಕಲಸಿಹೋಗುತ್ತಿದ್ದವು. ಭಿನ್ನರಾಶಿ ಬೋರ್ಡಿನ ಮೇಲೆ ಬಂದ ದಿನ ಮೇಜಿನ ಕೆಳಗೆ ಕೂತುಬಿಟ್ಟ. ಮಾರ್ಲಾ ಮಾರನೆಯ ದಿನ ಮನೆಯಿಂದ ಗಂಡನ ಸ್ಪ್ಯಾನರುಗಳ ಪೆಟ್ಟಿಗೆ ಹೊತ್ತು ತಂದರು.

"ಅರ್ಧ ಇಂಚಿಂದು ನಟ್ಟಿಗೆ ಕೂರ್ತಿಲ್ಲ, ಬಿಗಿ ಆಯ್ತು. ಈಗ ಯಾವುದು ತಗೋತೀಯ?"

"ಅದರ ಮುಂದಿಂದು, ಮಿಸ್. ಹದಿನಾರರಲ್ಲಿ ಒಂಬತ್ತು."

"ಅರ್ಧದ ಮುಂದೆ ಒಂಬತ್ತು ಹೇಗೋ ಬಂತು?"

ಹುಡುಗ ಅವರನ್ನು ದಡ್ಡರನ್ನು ನೋಡುವಂತೆ ನೋಡಿದನಂತೆ. "ಅರ್ಧ ಅಂದ್ರೆ ಹದಿನಾರರಲ್ಲಿ ಎಂಟು ತಾನೇ?"

ಈ ಮಾತು ಹೇಳುವಾಗ ಮಾತ್ರ ಮಾರ್ಲಾ ನಗುತ್ತಾರೆ.

ಅದೇ ಚಳಿಗಾಲ ಶಿಕ್ಷಣ ಮಂಡಳಿ ಹೊಸ ಪಠ್ಯಕ್ರಮ ಕೊಂಡಿತು. ಜಿಲ್ಲೆಯ ಎಲ್ಲ ನಾಲ್ಕನೇ ತರಗತಿಗಳಲ್ಲಿ ಒಂದೇ ದಿನ ಒಂದೇ ಪುಟ. ಟೀಚರು ಆಡಬೇಕಾದ ಮಾತೂ ಪುಸ್ತಕದಲ್ಲೇ ಅಚ್ಚಾಗಿತ್ತು. ಯಾವ ಮಗುವೂ ಹಿಂದೆ ಬೀಳಬಾರದು, ಎಲ್ಲರಿಗೂ ಸಮಾನ ಪಾಠ ಸಿಗಬೇಕು ಎಂಬುದು ಮಂಡಳಿಯ ವಾದ. ಮುಖ್ಯೋಪಾಧ್ಯಾಯ ಲಿಂಡ್‌ಕ್ವಿಸ್ಟ್ ಬಾಗಿಲಲ್ಲಿ ನಿಂತು, ಯಾವ ತರಗತಿ ಯಾವ ಪುಟದಲ್ಲಿದೆ ಎಂದು ನೋಡಿ ಹೋಗುತ್ತಿದ್ದರು. ಸ್ಪ್ಯಾನರುಗಳು ಅಪಾಯಕಾರಿ ವಸ್ತುಗಳೆಂದು ಮನೆಗೆ ವಾಪಸು ಹೋದವು.

ಮಾರ್ಲಾ ಬಾಯಿ ಮುಚ್ಚಿಕೊಂಡು ಪುಟ ಓದಿಸಿದರು. ಆದರೆ ವೆಸ್ಟನ್ ಮತ್ತೆ ಮೇಜಿನ ಕೆಳಗೆ ಇಳಿಯತೊಡಗಿದಾಗ ಅವರಿಗೆ ತಡೆಯಲಾಗಲಿಲ್ಲ. ದೊಡ್ಡ ಅಕ್ಷರದ, ಕಡಿಮೆ ಮಾತಿನ ಒಂದು ಹಾಳೆ ಬರೆದು, ಮಡಚಿ, ಅವನ ಪುಸ್ತಕದ ಒಳಗೆ ಇಟ್ಟರು. ಆ ತರಗತಿಯಲ್ಲಿ ಈಗ ಬೇರೆಯಾಗಿದ್ದ ಹಾಳೆ ಅದೊಂದೇ.

ಮೂರನೆಯ ದಿನವೇ ಪಕ್ಕದ ಹುಡುಗ ಅದನ್ನು ಕಸಿದು ಎತ್ತಿ ಹಿಡಿದ. "ಲೇ, ನೋಡ್ರೋ, ಇವನಿಗೆ ಪಾಪುಗಳ ಹಾಳೆ ಕೊಟ್ಟಿದಾರೆ!" ಇಡೀ ತರಗತಿ ನಕ್ಕಿತು. ವೆಸ್ಟನ್ ಅಳಲಿಲ್ಲ. ಎದ್ದು ಹೋಗಿ, ಕೋಟು ಹಾಕಿಕೊಳ್ಳದೆ, ಹಿಮದಲ್ಲಿ ಧ್ವಜಕಂಬದ ಹತ್ತಿರ ನಿಂತ. ಮಾರ್ಲಾ ಹೋಗಿ ಕೈ ಹಿಡಿದರೆ ಕೊಸರಿಕೊಂಡ.

ಸಂಜೆ ಕರ್ಟ್ ಬಂದ. ಗ್ರೀಸಿನ ಕೈಯಲ್ಲೇ ಆ ಹಾಳೆ ಹಿಡಿದುಕೊಂಡಿದ್ದ.

"ನನ್ನ ಮಗ ದಡ್ಡ ಅಂತ ಊರಿಗೆಲ್ಲ ಸಾರೋಕೆ ಇದನ್ನ ಕೊಟ್ರಾ ಮಿಸ್?"

"ಅವನು ದಡ್ಡ ಅಲ್ಲ ಅಂತ ಗೊತ್ತಿರೋದ್ರಿಂದಲೇ ಕೊಟ್ಟೆ, ಕರ್ಟ್."

"ನಂಗೂ ಹೀಗೇ ಶುರು ಮಾಡಿದ್ರು. ಬೇರೆ ಪುಸ್ತಕ ಅಂದ್ರು, ಆಮೇಲೆ ಬೇರೆ ಮೇಜು, ಆಮೇಲೆ ಬೇರೆ ರೂಮು. ಅಲ್ಲಿಂದ ಈಚೆ ಬಾ ಅಂತ ಯಾರೂ ಕರೀಲೇ ಇಲ್ಲ. ಎಲ್ರಿಗೂ ಏನು ಕೊಡ್ತೀರೋ ಅದನ್ನೇ ನನ್ನ ಮಗನಿಗೂ ಕೊಡಿ. ಅಷ್ಟೇ ನಾನು ಕೇಳ್ತಿರೋದು."

ಮಾರ್ಲಾಗೆ ಉತ್ತರವಿತ್ತು. ಎಲ್ಲರಿಗೂ ಬೇರೆ ಬೇರೆ ಕೊಡುತ್ತಿದ್ದ ಕಾಲದಲ್ಲಿ ನಿಮ್ಮ ಮಗನನ್ನು ನೋಡಿ ಯಾರೂ ನಕ್ಕಿರಲಿಲ್ಲ ಎನ್ನಬಹುದಿತ್ತು. ಅಷ್ಟರಲ್ಲಿ ಲಿಂಡ್‌ಕ್ವಿಸ್ಟ್ ಬಾಗಿಲು ತೆರೆದು ಒಳಗೆ ಬಂದರು. ತಂದೆಯ ಹೆಗಲ ಮೇಲೆ ಕೈಯಿಟ್ಟು, "ನೀವು ಹೇಳೋದು ನೂರಕ್ಕೆ ನೂರು ಸರಿ, ಇದು ನಮ್ಮ ನಿಯಮಕ್ಕೂ ವಿರುದ್ಧ," ಎಂದರು. ಮಾರ್ಲಾ ಕಡೆ ತಿರುಗಿ, "ನಿಮ್ಮ ಒಳ್ಳೇತನವೇ ಆ ಮಗುವಿಗೆ ಮುಳುವಾಯ್ತು ನೋಡಿ, ಮಾರ್ಲಾ," ಎಂದರು. ಮರುವಾರದಿಂದ ಬೆಳಗಿನ ತಿಂಡಿಯ ಕಾವಲು ಮಾರ್ಲಾ ಪಾಲಿಗೆ ಬಂತು. ಅದು ಶಿಕ್ಷೆಯೆಂದು ಯಾರೂ ಹೇಳಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ.

ಹುಡುಗನಿಗೆ ಆದದ್ದು ಅದಕ್ಕಿಂತ ಕೆಟ್ಟದ್ದು. ದೂರು ಬಂದಿದೆಯಲ್ಲ, ಹುಡುಗನನ್ನು ಪರೀಕ್ಷಿಸಲೇಬೇಕೆಂದು ಮಂಡಳಿಯ ಕಚೇರಿ ಹಟ ಹಿಡಿಯಿತು. ಊರಾಚೆಯಿಂದ ಬಂದ ತಜ್ಞೆ ಅವನನ್ನು ಕಿಟಕಿಯಿಲ್ಲದ ಕೋಣೆಯಲ್ಲಿ ಕೂರಿಸಿ ಓದಿಸಿದಳು. ಹಾಳೆಯ ಹೆಸರು ಕೇಳಿದರೇ ನಡುಗುತ್ತಿದ್ದ ಹುಡುಗ ಬಾಯಿ ಬಿಡಲಿಲ್ಲ. ತರಗತಿಯ ಪುಟಕ್ಕೆ ಇವನು ಹೊಂದುವುದಿಲ್ಲ ಎಂದು ತೀರ್ಮಾನವಾಯಿತು. ಈಸ್ಟರ್ ಹೊತ್ತಿಗೆ ವೆಸ್ಟನ್ ಕಾರಿಡಾರಿನ ತುದಿಯ ಬೇರೆ ರೂಮಿನಲ್ಲಿದ್ದ.

ಮಾರ್ಲಾ ಒಂದು ದಿನ ಕರ್ಟ್‌ನ ಗ್ಯಾರೇಜಿಗೆ ಹೋದರು. ಅವನು ಟ್ರ್ಯಾಕ್ಟರಿನ ಕೆಳಗಿಂದಲೇ ಕೇಳಿದ: "ಕಾರಿಗೇನಾಯ್ತು?"

"ಕಾರಿಗೇನೂ ಆಗಿಲ್ಲ."

"ಹಾಗಾದ್ರೆ ಇಲ್ಲೇನು ಕೆಲಸ?"

"ನಾನು ಇನ್ನೂ ಜೋರಾಗಿ ಜಗಳ ಆಡ್ಬೇಕಿತ್ತು, ಕರ್ಟ್. ನಿಮ್ ಹತ್ರಾನೂ, ಅವ್ರ ಹತ್ರಾನೂ."

ಕೆಳಗೆ ಕಬ್ಬಿಣಕ್ಕೆ ಕಬ್ಬಿಣ ಬಡಿಯಿತು. ಆಮೇಲೆ ಅವನ ದನಿ ಬಂತು: "ಆ ರೂಮಿಂದ ಅವನನ್ನ ಈಚೆ ತರೋದು ಹೇಗೆ ಅಂತ ಗೊತ್ತಿದ್ರೆ ಹೇಳಿ. ಇಲ್ದಿದ್ರೆ ನಂಗೆ ಕೆಲಸ ಇದೆ." ಮಾರ್ಲಾ ಪ್ರಯತ್ನಿಸದೆ ಬಿಡಲಿಲ್ಲ. ಮಂಡಳಿಯ ಸಭೆಯಲ್ಲಿ ಎದ್ದು ನಿಂತರು, ತಮ್ಮ ತರಗತಿಯಲ್ಲಿ ಅವನಿಗೊಂದು ಕುರ್ಚಿ ಬೇಡಿದರು. ಅವರ ಮಾತಿಗೆ ಎರಡು ನಿಮಿಷ ಸಿಕ್ಕಿತು, ಧನ್ಯವಾದವೂ ಸಿಕ್ಕಿತು. ಹುಡುಗ ಅಲ್ಲೇ ಉಳಿದ. ಅವರು ಮತ್ತೆ ಗ್ಯಾರೇಜಿಗೆ ಹೋಗಲಿಲ್ಲ. ಈಗ ಕಾರು ಕೆಟ್ಟರೆ ಪಕ್ಕದ ಊರಿಗೆ ಒಯ್ಯುತ್ತಾರೆ.

ಕಳೆದ ವರ್ಷ ನಾಲ್ಕನೇ ತರಗತಿಯ ಫಲಿತಾಂಶ ಸ್ವಲ್ಪ ಏರಿತು. ಒಂದೇ ಪುಟದ ಮಹಿಮೆಯೆಂದು ಮಂಡಳಿ ಬೀಗಿತು, ಶಾಲೆಯ ಮುಂಬಾಗಿಲಲ್ಲಿ ಬ್ಯಾನರು ಬಿತ್ತು. ಬೇರೆ ರೂಮಿನ ಮಕ್ಕಳ ಅಂಕ ಆ ಲೆಕ್ಕಕ್ಕೆ ಸೇರುವುದಿಲ್ಲ. "ಕಷ್ಟ ಆಗೋರನ್ನೆಲ್ಲ ಆಚೆ ಕೂರಿಸಿದ್ರೆ ನಮ್ಮಜ್ಜಿಯೂ ಫಲಿತಾಂಶ ಏರಿಸ್ತಿದ್ರು," ಎನ್ನುತ್ತಾ ಮಾರ್ಲಾ ಖಾಲಿ ತಟ್ಟೆಗಳನ್ನು ಜೋಡಿಸುತ್ತಾರೆ. ತಿಂಡಿಯ ಹೊತ್ತಿನಲ್ಲಿ ಯಾರೂ ಪುಟ ನೋಡಲು ಬರುವುದಿಲ್ಲ. ಅದಕ್ಕೇ ಈ ಶಿಕ್ಷೆಯನ್ನು ಬಿಟ್ಟುಕೊಡಿ ಎಂದರೂ ಅವರು ಕೊಡುವುದಿಲ್ಲ.

ವೆಸ್ಟನ್ ಕೂಡ ಇಲ್ಲಿಗೇ ತಿಂಡಿಗೆ ಬರುತ್ತಾನೆ. ಉದ್ದ ಬೆಳೆದಿದ್ದಾನೆ. ಗೋಡೆಯ ಕಡೆ ಮುಖ ಮಾಡಿ, ಕೋಟಿನ ಟೋಪಿ ತಲೆಗೆಳೆದುಕೊಂಡು, ಕೊನೆಯ ಮೇಜಿನಲ್ಲಿ ತಿನ್ನುತ್ತಾನೆ. ಮೊದಮೊದಲು ಮಾರ್ಲಾ ಹತ್ತಿರ ಹೋಗಿ ಕೂರುತ್ತಿದ್ದರು. ಅವನು ತಟ್ಟೆ ಎತ್ತಿಕೊಂಡು ಇನ್ನೊಂದು ಮೇಜಿಗೆ ಹೋಗುತ್ತಿದ್ದ. ಈಗ ಇವರೇ ಹೋಗುವುದಿಲ್ಲ. ಹೋದರೆ ಅವನ ತಿಂಡಿ ಆರಿಹೋಗುತ್ತದೆ.

ಬರುವ ಜೂನಿಗೆ ಮಾರ್ಲಾಗೆ ನಿವೃತ್ತಿ. ಕೇಕು ತರಿಸಬೇಕೆಂದು ಸಹೋದ್ಯೋಗಿಗಳ ಮಾತು ನಡೆದಿದೆ. ಬೀಳ್ಕೊಡುಗೆಗೆ ಏನು ಬೇಕು ಎಂದು ಕೇಳಿದರೆ ಅವರು ಕೊನೆಯ ಮೇಜಿನ ಕಡೆ ನೋಡದೆ ಹೇಳುತ್ತಾರೆ:

"ಕೇಕೆಲ್ಲ ಬೇಡ. ಹೋಗೋದ್ರೊಳಗೆ ಒಂದು ಸಲ ಅವನು ನನಗೆ ಬಾಯ್ತುಂಬ ಬೈದ್ರೆ ಸಾಕು. ಬೈದ್ರೆ ಅವನ ದನಿ ಆದ್ರೂ ಕೇಳ್ಬಹುದು."