ಮೇನ್ ತೆಗೆದ ಮನೆಯ ಹಸಿರು ಚುಕ್ಕೆ

ದೇವರಿಗೇ ಅರ್ಧ ಕೈ ಮುಗಿದು ಕೆಲಸಕ್ಕೆ ಓಡುವವನು ನಾನು. ದೆವ್ವದ ಮಾತು ಬಂದರೆ, "ಮೊದಲು ಎದುರಿಗೆ ನಿಲ್ಲಿಸ್ರಿ, ಫೋಟೋ ತಗದು ಆಮ್ಯಾಲೆ ನಂಬ್ತೀನಿ" ಎಂದು ನಗುತ್ತಿದ್ದೆ. ಈಗ ಆ ಮಾತು ಆಡುವುದಿಲ್ಲ. ಇದು ಯಾರೋ ಹೇಳಿ ನಾನು ಕೇಳಿದ್ದಲ್ಲ. ನಾನು, ನನ್ನ ಹೆಂಡತಿ ಸುವರ್ಣಾ, ಪಕ್ಕದ ಮನೆಯ ರುದ್ರಪ್ಪ ಕಾಕಾ... ಮೂವರೂ ಗಟ್ಟಿಮುಟ್ಟಾಗಿದ್ದೇವೆ. ಬೇಕಾದರೆ ಬೆಟಗೇರಿಗೆ ಬಂದು ಬೇರೆ ಬೇರೆ ಕೂರಿಸಿ ಕೇಳಿ.

ನಮ್ಮ ಮನೆಯ ಮುಂದಿನ ಕೋಣೆಯೇ ನನ್ನ ಫೋಟೋ ಸ್ಟುಡಿಯೋ. ಮದುವೆ, ಬಸುರಿಯ ಕುಬಸ, ಹೊಸ ಮನೆಯ ಪೂಜೆ, ಎಲ್ಲ ಫೋಟೋಗಳೂ ಅಲ್ಲಿನ ಕಂಪ್ಯೂಟರಿನಲ್ಲಿ. ಊರೂರು ಅಲೆಯುವ ದಂಧೆ ನನ್ನದು. ಹಾಗಾಗಿ ಲ್ಯಾಪ್‌ಟಾಪಿನಲ್ಲಿ ಒಂದು ಆ್ಯಪ್ ಹಾಕಿಕೊಂಡಿದ್ದೇನೆ. ಎಲ್ಲೇ ಕೂತರೂ ಮನೆಯ ಕಂಪ್ಯೂಟರಿನ ಪರದೆ ಇಲ್ಲಿ ಕಾಣುತ್ತದೆ, ಇಲ್ಲಿಂದಲೇ ಅದನ್ನು ನಡೆಸಬಹುದು. ಅದು ಚಾಲೂ ಇದ್ದರೆ ಆ್ಯಪಿನಲ್ಲಿ ಹಸಿರು ಚುಕ್ಕೆ, ಬಂದ್ ಇದ್ದರೆ ಬೂದು ಚುಕ್ಕೆ.

ಅವತ್ತು ಲಕ್ಷ್ಮೇಶ್ವರದಲ್ಲಿ ಮದುವೆ. ಸುವರ್ಣಾಳ ಸಂಬಂಧಿಕರದ್ದೇ ಆದ್ದರಿಂದ ಅವಳೂ ಬಂದಿದ್ದಳು. ದೀಪ ಹಚ್ಚುವ ಹೊತ್ತು. ಕಲ್ಯಾಣಮಂಟಪದ ಹಿಂದಿನಿಂದ ಗೋಧಿ ಹುಗ್ಗಿಯ ವಾಸನೆ ಬರುತ್ತಿತ್ತು. ಆಗ ಗಿರಿಜಾಳ ಫೋನ್ ಬಂತು. ಮುಂಡರಗಿಯ ಹುಡುಗಿ. ಹೋದ ವರ್ಷ ಅವಳ ಮದುವೆಯ ಫೋಟೋ ತೆಗೆದವನು ನಾನೇ.

"ಅಣ್ಣಾರ... ಅವ್ವ ಹೋದ್ಲರಿ."

"ಯಪ್ಪಾ! ಯಾವಾಗವ್ವಾ?"

"ಮಧ್ಯಾಹ್ನದಾಗರಿ. ಎದಿ ನೋವು ಅಂದ್ಲು, ಅಷ್ಟ. ನಾಳೆ ಮುಂಜಾನಿ ಮಣ್ಣು ಐತಿ. ಬ್ಯಾನರಿಗೆ ಒಂದು ಫೋಟೋ ಇಲ್ಲರಿ ಅಣ್ಣಾರ, ನಮ್ಮ ಮನ್ಯಾಗ ಅವ್ವಂದು ಒಂದೂ ಫೋಟೋ ಇಲ್ಲ. ಆಧಾರ್ ಕಾರ್ಡಿನ್ಯಾಗಿಂದು ನೋಡಿದ್ರ ಅವ್ವ ಅಂತ ಯಾರೂ ಅನ್ನಂಗಿಲ್ಲ. ನೀವು ಕ್ಯಾಮೆರಾದಾಗ ತೋರಿಸಿದ್ರಲ್ಲ, ಅವ್ವ ನಕ್ಕದ್ದು... ಅದೊಂದು ಕೊಡ್ರಿ."

ನೆನಪಿತ್ತು. ಹೇಗೆ ಮರೆಯಲಿ? ಫೋಟೋ ತೆಗೆಸಿಕೊಂಡರೆ ಆಯುಷ್ಯ ಕಡಿಮೆ ಆಗುತ್ತದೆ ಎಂದು ನಂಬಿದ ಹೆಣ್ಣುಮಗಳು ಆಕೆ. ನಾನು ಕ್ಯಾಮೆರಾ ಎತ್ತಿದರೆ ಸಾಕು, ಕೈತುಂಬ ಇದ್ದ ಹಸಿರು ಬಳೆ ಝಲ್ಲೆನ್ನುತ್ತಿದ್ದವು, ಸೆರಗು ಮುಖದ ಮೇಲೆ ಬಂದಿರುತ್ತಿತ್ತು. ಸುರಗಿಯ ದಾರ ಸುತ್ತಿ ಮಗಳಿಗೆ ಅರಿಷಿಣ ನೀರು ಹಾಕುವಾಗ ಮಾತ್ರ ಮೈಮರೆತು ನಕ್ಕಿದ್ದಳು. ಅಷ್ಟರಲ್ಲಿ ಒಂದು ಫೋಟೋ ಹೊಡೆದು ಗಿರಿಜಾಳಿಗೆ ತೋರಿಸಿದ್ದೆ. ನಮ್ಮ ನಗು ಕೇಳಿ ತಿರುಗಿ ನೋಡಿ, "ಏ ತಮ್ಮಾ, ಅದನ್ನ ಯಾರಿಗೂ ಕೊಡಬ್ಯಾಡೋ" ಎಂದು ಬೆರಳು ಆಡಿಸಿದ್ದಳು. ಆಲ್ಬಮ್ಮಿಗೆ ಅದನ್ನು ಹಾಕಗೊಡಲಿಲ್ಲ.

"ಅಳಬ್ಯಾಡ ತಂಗಿ, ಈಗ ಕಳಸ್ತೀನಿ" ಎಂದೆ.

ಲ್ಯಾಪ್‌ಟಾಪ್ ತೆಗೆದರೆ ಬೂದು ಚುಕ್ಕೆ. ಮೊಬೈಲಿನ ನೆಟ್ ಬಂದ್ ಮಾಡಿ ಮತ್ತೆ ಹಚ್ಚಿದೆ. ಆ್ಯಪ್ ಮುಚ್ಚಿ ತೆರೆದೆ. ಪಾಸ್‌ವರ್ಡ್ ಮತ್ತೆ ಹೊಡೆದೆ. ಲ್ಯಾಪ್‌ಟಾಪನ್ನೇ ಒಮ್ಮೆ ಬಂದ್ ಮಾಡಿ ಚಾಲೂ ಮಾಡಿದೆ. ಬೂದು ಅಂದರೆ ಬೂದು. ಆಗ ತಲೆಗೆ ಹೊಳೆಯಿತು. ಹೆಂಗಸರ ನಡುವೆ ಕೂತಿದ್ದ ಸುವರ್ಣಾಳನ್ನು ಸನ್ನೆ ಮಾಡಿ ಕರೆದೆ.

"ಬರೂ ಮುಂದ ಕರೆಂಟಿನ ಮೇನ್ ತಗದಿಯೇನ?"

"ಹೂಂನ್ರಿ. ಊರಿಗೆ ಹೊಂಟಾಗ ಗ್ಯಾಸ್ ಬಂದ್ ಮಾಡಿ, ಮೇನ್ ತಗದು, ಹೊಸ್ತಿಲಕ್ಕ ಕೈ ಮುಗದು ಬರೂದಲ್ಲೇನು? ನಮ್ಮವ್ವ ಹಂಗ ಕಲಿಸ್ಯಾಳ."

"ನಿಮ್ಮವ್ವಗ ಕಂಪ್ಯೂಟರ್ ಇತ್ತೇನಲೇ!" ಎಂದು ರೇಗಿದೆ. ರೇಗಿ ಏನು ಮಾಡುವುದು?

ಮೇನ್ ಸ್ವಿಚ್ ಇರುವುದು ಮನೆಯ ಹೊರಗೆ, ಗೇಟಿನೊಳಗಿನ ಕಟ್ಟೆಯ ಮೇಲಿನ ಮೀಟರ್ ಡಬ್ಬಿಯಲ್ಲಿ. ಕರೆಂಟ್ ಬಂದರೆ ಕಂಪ್ಯೂಟರ್ ತಾನೇ ಚಾಲೂ ಆಗುವಂತೆ ಮಾಡಿಟ್ಟಿದ್ದೆ. ರುದ್ರಪ್ಪ ಕಾಕಾಗೆ ಫೋನ್ ಹಚ್ಚಿದೆ.

"ಕಾಕಾ, ಜಲ್ದಿ ನಮ್ಮ ಮನಿ ಮೇನ್ ಒಂದು ಹಾಕ್ರಿ."

"ಆತು ತಡಿಯೋ, ಕೆರ ಹಾಕ್ಕೊಂಡು ಹೊಂಟೆ."

ಸ್ವಲ್ಪ ಹೊತ್ತಿಗೆ ಹಸಿರು ಚುಕ್ಕೆ ಬಂತು. ಜೀವ ಬಂದಂತಾಯಿತು. ಒತ್ತಿದೆ. ಮನೆಯ ಪರದೆ ತೆರೆಯಿತು...

ನಾನಿನ್ನೂ ಏನನ್ನೂ ಮುಟ್ಟಿರಲಿಲ್ಲ. ಪರದೆಯ ಮೇಲಿನ ಬಾಣದ ಗುರುತು ಮೆಲ್ಲಗೆ ಸರಿಯಿತು. ಮೌಸ್ ಹಿಡಿದು ರೂಢಿಯಿಲ್ಲದ ಕೈ ಹೇಗೆ ನಡುಗುತ್ತದೋ ಹಾಗೆ. ಅತ್ತ ಹೋಯಿತು, ಇತ್ತ ಬಂತು. 'ಮುಂಡರಗಿ ಮದುವೆ' ಎಂಬ ಫೋಲ್ಡರಿನ ಮೇಲೆ ನಿಂತಿತು. ಅದು ತೆರೆಯಿತು. ಸಾಲು ಸಾಲು ಫೋಟೋ ದಾಟಿ ಒಂದರ ಮೇಲೆ ನಿಂತಿತು.

ಆಕೆ ನಗುತ್ತಿದ್ದಳು. ಕೆನ್ನೆಯ ಮೇಲೆ ಅರಿಷಿಣ, ಕೈಯಲ್ಲಿ ತಂಬಿಗೆ.

ಫೋಟೋವನ್ನು ಇತ್ತ ಎಳೆಯಲು ನೋಡಿದೆ. ಬಾಣ ನನ್ನ ಮಾತು ಕೇಳಲಿಲ್ಲ. ಲ್ಯಾಪ್‌ಟಾಪಿನೊಳಗಿಂದ ಸಣ್ಣಗೆ ಏನೋ ಸದ್ದು... ಝಲ್... ಝಲ್... ಮಂಟಪದಲ್ಲಿ ಬಳೆ ತೊಟ್ಟ ಹೆಂಗಸರಿಗೇನು ಕಡಿಮೆ ಎಂದು ಸಮಾಧಾನ ಹೇಳಿಕೊಂಡೆ. ಕಿವಿ ಹತ್ತಿರ ಒಯ್ದೆ. ಒಳಗಿಂದಲೇ ಬರುತ್ತಿತ್ತು.

ಪರದೆಯನ್ನಾದರೂ ಮೊಬೈಲಿನಲ್ಲಿ ಹೊಡೆದುಕೊಳ್ಳೋಣ ಎಂದು ಮೊಬೈಲ್ ಎತ್ತಿದೆ. ಅದೇ ಗಳಿಗೆಗೆ ಅದು ರಿಂಗಾಯಿತು. ಕಾಕಾ.

"ಲೇ, ಗೇಟಿಗೆ ಕೀಲಿ ಜಡದು ಹೋಗೀರಿ. ನಾ ಹಾರಿ ಹೋಗ್ಲೇನು ಈ ವಯಸ್ಸಿನ್ಯಾಗ?"

"...ಮೇನ್ ಹಾಕಿಲ್ಲೇನ್ರಿ?"

"ಒಳಗ ಹೋದ್ರ ಹೌದಲ್ಲ ಹಾಕೂದು! ಮನಿ ಎಲ್ಲಾ ಕತ್ತಲಿ ಐತಿ." ಕಾಕಾ ಒಮ್ಮೆಲೇ ದನಿ ತಗ್ಗಿಸಿದರು. "ಒಂದು ಮಾತು ಹೇಳೋ. ಸುವರ್ಣಾ ನಿನ್ನ ಕೂಡ ಬಂದಾಳಿಲ್ಲೋ?"

"ಇಲ್ಲೇ ಅದಾಳ್ರಿ. ಯಾಕ?"

"ಒಳಗ ಬಳಿ ಸಪ್ಪಳ ಆಗಾಕತ್ತೈತಿ..."

ಪರದೆಯ ಕಡೆ ನೋಡಿದೆ. ಅದೇ ಫೋಟೋ, ಅದೇ ತಂಬಿಗೆ, ಅದೇ ಹಸಿರು ಬಳೆ. ಸೆರಗು ಮಾತ್ರ ಮುಖದ ಮೇಲೆ ಬಂದಿತ್ತು.

ಮರುಕ್ಷಣ ಬೂದು ಚುಕ್ಕೆ.

ಉಳಿದ ಕೆಲಸವನ್ನು ವಿಡಿಯೋದವನಿಗೆ ಒಪ್ಪಿಸಿ ಹೊರಟೆವು. ಶಿರಹಟ್ಟಿ ದಾಟಿದ ಮೇಲೆ ಸುವರ್ಣಾಳಿಗೆ ಎಲ್ಲ ಹೇಳಿದೆ. ಅವಳು ನನ್ನ ತೋಳು ಹಿಡಿದುಕೊಂಡಳು. ಬೆಟಗೇರಿ ಬರುವವರೆಗೂ ಬಿಡಲಿಲ್ಲ.

ಗೇಟಿನ ಕೀಲಿ ಹಾಕಿದಂತೆಯೇ ಇತ್ತು. ಮೇನ್ ಬಂದ್ ಇತ್ತು. ಬಾಗಿಲು ತೆರೆದದ್ದೇ ಸುವರ್ಣಾ ಹೊಸ್ತಿಲಲ್ಲೇ ನಿಂತಳು.

"ರೀ... ಅರಿಷಿಣ ನೀರಿನ ವಾಸನಿ."

ನನಗೂ ಬಂದಿತ್ತು. ಕಂಪ್ಯೂಟರ್ ಮುಟ್ಟಿ ನೋಡಿದೆ, ತಣ್ಣಗಿತ್ತು. ಮೇನ್ ಹಾಕಿ, ಫೋಟೋ ತೆರೆದೆ. ಮುಖದ ಮೇಲೆ ಸೆರಗು. ಬೇರೆ ಡಿಸ್ಕಿನಲ್ಲಿ ತೆಗೆದಿಟ್ಟ ಪ್ರತಿಯಲ್ಲೂ ಸೆರಗು. ಕ್ಯಾಮೆರಾದ ಹಳೆಯ ಕಾರ್ಡು ಹುಡುಕಿ ಹಾಕಿದೆ, ಅದರಲ್ಲೂ ಅದೇ. ಇಷ್ಟು ವರ್ಷ ಮಾಡಿದ ದಂಧೆ, ಕಲಿತ ಕೆಲಸ, ಯಾವುದೂ ನಡೆಯಲಿಲ್ಲ. ಗಿರಿಜಾಳ ಫೋನ್ ಮಾತ್ರ ಬಿಟ್ಟೂ ಬಿಡದೆ ರಿಂಗಾಗುತ್ತಿತ್ತು.

ಕೊನೆಗೆ ಇದ್ದದ್ದನ್ನೇ ಕಳಿಸಿದೆ. ಅವಳು ಕೂಡಲೇ ಫೋನ್ ಮಾಡಿದಳು.

"ಕೈ ಅವ್ವಂದ ಐತ್ರಿ" ಎಂದಳು. "ಮಾರಿ ಎಲ್ಲೈತ್ರಿ ಅಣ್ಣಾರ?"

ಬ್ಯಾನರಿನಲ್ಲಿ ಹೆಸರು ಹಾಕಿ, ಪಕ್ಕದಲ್ಲಿ ಒಂದು ದೀಪದ ಚಿತ್ರ ಹಾಕಿದರು.

ಗಿರಿಜಾ ಈಗಲೂ ಫೋನ್ ಮಾಡುತ್ತಾಳೆ. ಬಯ್ಯುವುದಿಲ್ಲ, ಅದನ್ನೇ ತಡೆಯಲಾಗದು. ಮೊನ್ನೆಯೂ ಮಾಡಿದ್ದಳು. "ಇನ್ನೊಮ್ಮೆ ಹುಡುಕ್ರಿ ಅಣ್ಣಾರ. ಖರೆ ಹೇಳ್ತೀನಿ, ಅವ್ವನ ಮಾರಿ ನನಗ ಮರಿಯಾಕತ್ತೈತಿ."

ಅವಳಿಗೆ ಹೇಳದ ಒಂದು ಮಾತಿದೆ. ಸುವರ್ಣಾ ಊರಿಗೆ ಹೊರಟಾಗ ಈಗಲೂ ಮೇನ್ ತೆಗೆಯುತ್ತಾಳೆ, ನಾನೂ ಬೇಡ ಅನ್ನುವುದಿಲ್ಲ. ಹಾಗೆ ತೆಗೆದು ಹೋದ ದಿನ, ದೀಪ ಹಚ್ಚುವ ಹೊತ್ತಿಗೆ, ಲ್ಯಾಪ್‌ಟಾಪಿನಲ್ಲಿ ಹಸಿರು ಚುಕ್ಕೆ ಬರುತ್ತದೆ. ಒತ್ತಿದರೆ ಆ ನಗುವ ಮುಖ ಅಲ್ಲಿರಬಹುದು. ಗಿರಿಜಾಳಿಗೆ ಬೇಕಾದದ್ದು ಅಷ್ಟೇ. ಬೆರಳು ಅಲ್ಲಿಯವರೆಗೂ ಹೋಗುತ್ತದೆ.

ಆಗ ಸುವರ್ಣಾ ಕೈ ಹಿಡಿಯುತ್ತಾಳೆ. "ಬ್ಯಾಡ್ರಿ. ಕೊಡಬ್ಯಾಡ ಅಂದಾಳ ಆಕಿ."

ನಾನು ಲ್ಯಾಪ್‌ಟಾಪ್ ಮುಚ್ಚುತ್ತೇನೆ.