ಬಾಗಿಲು ತಾವೇ ಹಾಕುತ್ತಿದ್ದ ಡ್ರೈವರ್ ಕಾಕಾ

ಬೆಸುಗೆಯ ಹೊಗೆ, ಸುಟ್ಟ ವೈರಿನ ವಾಸನೆ... ಹೋದ ತಿಂಗಳು ಹರಪನಹಳ್ಳಿಯಲ್ಲಿ ಕಾರಿನ ಸ್ಟೀರಿಯೊ ಹಾಕುವ ಅಂಗಡಿಯೊಂದರ ಮುಂದೆ ನಿಂತಿದ್ದಾಗ ಅದು ಮೂಗಿಗೆ ಬಡಿಯಿತು. ನಮ್ಮ ಕಾರಿಗೆ ದೊಡ್ಡ ಪರದೆಯ ಹೊಸ ಸೆಟ್ ಬೇಕೆಂದು ನನ್ನ ಯಜಮಾನರ ಆಸೆ. ಅಂಗಡಿಯವನು ಕಂಪನಿಯಿಂದಲೇ ಬಂದಿದ್ದ ಸೆಟ್ಟನ್ನು ಹೊರಗೆಳೆದಿದ್ದ. ಅದರ ಹಿಂದೆ ಬಣ್ಣಬಣ್ಣದ ವೈರುಗಳ ಗೊಂಚಲು ಜೋತಾಡುತ್ತಿತ್ತು. ಅವನು ಕಟಿಂಗ್ ಪ್ಲೇಯರ್ ಕೈಗೆ ತೆಗೆದುಕೊಂಡ.

"ಕತ್ತರಿಸಬ್ಯಾಡ್ರಿ" ಎಂದೆ. ದನಿ ಜೋರಾಗಿಯೇ ಬಂದಿರಬೇಕು, ಯಜಮಾನರು ತಿರುಗಿ ನೋಡಿದರು.

"ಕತ್ತರಿಸಂಗಿಲ್ರಿ ಮೇಡಂ, ಕಪ್ಲರ್ ಐತಿ. ಸ್ಟೇರಿಂಗ್ ಮ್ಯಾಲಿನ ಬಟನ್, ಹಿಂದಿನ ಕ್ಯಾಮೆರಾ, ಬಾಗಿಲದ ಸದ್ದು, ಎಲ್ಲಾ ಇದ್ದಂಗ ಇರ್ತಾವ" ಎಂದು ಅವನು ಸಮಾಧಾನ ಹೇಳಿದ. ಹಳೆಯ ವೈರನ್ನೂ ಹೊಸ ಸೆಟ್ಟನ್ನೂ ಕತ್ತರಿಯಿಲ್ಲದೆ ಕೂಡಿಸುವ ಆ ಪ್ಲಾಸ್ಟಿಕ್ ತುಂಡನ್ನು ಎತ್ತಿ ತೋರಿಸಿದ. ಅಂಗೈಯಲ್ಲಿ ಅಡಗುವಷ್ಟು ಚಿಕ್ಕದು. ಅದನ್ನು ನೋಡುತ್ತ ನನಗೆ ನಮ್ಮ ಎದುರು ಮನೆಯ ಡ್ರೈವರ್ ಕಾಕಾ ನೆನಪಾದರು.

ಕೊಟ್ಟೂರಿನಲ್ಲಿ ನಮ್ಮ ಮನೆಗೂ ಅವರ ಮನೆಗೂ ನಡುವೆ ಒಂದು ಗಾಡಿ ಹೋಗುವಷ್ಟು ಓಣಿ. ಕಾಕಾ ಮೊದಲು ಬೇರೆಯವರ ಜೀಪು ಓಡಿಸುತ್ತಿದ್ದರು. ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷಗಳಾದ ಮೇಲೆ ದಾವಣಗೆರೆಯ ಡಾಕ್ಟರೊಬ್ಬರಿಂದ ಹಳೆಯ ಕಾರು ಕೊಂಡು ತಂದು ಬಾಡಿಗೆಗೆ ಬಿಟ್ಟರು. ಆ ಕಾರಿನಲ್ಲಿ ಕಂಪನಿಯದೇ ಕ್ಯಾಸೆಟ್ ಸೆಟ್ ಇತ್ತು. ಗಡಿಯಾರ ಅದರಲ್ಲೇ. ಬಾಗಿಲು ಸರಿಯಾಗಿ ಬೀಳದಿದ್ದರೆ ಟಿಣ್ ಟಿಣ್ ಎಂಬ ಸದ್ದೂ ಅದರೊಳಗಿಂದಲೇ ಬರುತ್ತಿತ್ತು. ಓಣಿಯ ಮಕ್ಕಳೆಲ್ಲ ಬಾಗಿಲು ಅರ್ಧ ಹಾಕಿ ಆ ಸದ್ದು ಕೇಳಿ ನಗುತ್ತಿದ್ದೆವು. ಕಾಕಾ ಬೈಯುತ್ತಿರಲಿಲ್ಲ. ಸಂಜೆ ಗಾಡಿ ನಿಲ್ಲಿಸಿ ನಮ್ಮ ಕಟ್ಟೆಗೆ ಬಂದು ಕೂರುವರು, ಅವ್ವ ಚಹಾ ಕೊಡುವಳು. ಅವ್ವನನ್ನು ಅವರು ಅಕ್ಕ ಎನ್ನುತ್ತಿದ್ದರು, ಅವ್ವ ಅವರನ್ನು ಅಣ್ಣ ಎನ್ನುತ್ತಿದ್ದಳು. ಇಬ್ಬರಲ್ಲಿ ದೊಡ್ಡವರು ಯಾರು ಎಂದು ಇಬ್ಬರಿಗೂ ಗೊತ್ತಿರಲಿಲ್ಲ.

ಆಗ ಸಿ.ಡಿ. ಬಂದಿತ್ತು. ಮದುವೆಯ ಬಾಡಿಗೆಗೆ ಬಂದವರು ಮೊದಲು ಕೇಳುತ್ತಿದ್ದುದೇ ಹಾಡು ಯಾವುದರಲ್ಲಿ ಹಾಕುತ್ತೀರಿ ಎಂದು. ಕ್ಯಾಸೆಟ್ ಎಂದರೆ ಮುಂದಿನ ಗಾಡಿಗೆ ಹೋಗುವರು. ಒಂದು ದಿನ ಕೂಡ್ಲಿಗಿಯ ಚಿಕ್ಕಮ್ಮನ ಮನೆಯಿಂದ ನನ್ನನ್ನು ಕರೆತರುವಾಗ ಕಾಕಾ ಹೈವೇ ಬದಿಯ ಅಂಗಡಿಯೊಂದರಲ್ಲಿ ಗಾಡಿ ನಿಲ್ಲಿಸಿದರು. ನಾನು ಬೆಂಚಿನ ಮೇಲೆ ಕೂತು ನೋಡುತ್ತಿದ್ದೆ.

"ಈ ಗಾಡಿದು ಕಪ್ಲರ್ ನನ್ನ ಹತ್ರ ಇಲ್ಲಣ್ಣ. ದಾವಣಗೆರಿಯಿಂದ ತರಿಸಬೇಕು, ತಡ ಆಗತೈತಿ. ಕಟ್ ಮಾಡಿ ಜಾಯಿಂಟ್ ಹೊಡದ್ರ ಈಗ ಮುಗೀತೈತಿ. ಆದ್ರ ಗಡಿಯಾರ, ಬಾಗಿಲದ ಸದ್ದು ಹೋಗ್ತಾವ" ಎಂದ ಅಂಗಡಿಯವನು.

ಮಾರನೆಯ ದಿನ ಹಡಗಲಿಗೆ ದಿಬ್ಬಣ ಹೋಗುವುದಿತ್ತು. ಕಾಕಾ ಸ್ವಲ್ಪ ಹೊತ್ತು ತಲೆ ಕೆರೆದುಕೊಂಡರು. ಆಮೇಲೆ ನನ್ನ ಕಡೆ ನೋಡಿ ನಕ್ಕರು. "ಬಾಗಿಲ ಬಿದ್ದೈತೋ ಇಲ್ಲೋ ನೋಡಾಕ ನಮಗ ಕಣ್ಣಿಲ್ಲೇನು? ಕಟ್ ಮಾಡು."

ಬೆಸುಗೆಯ ಹೊಗೆ ಎದ್ದಿತು. ಊರಿಗೆ ಬರುವ ತನಕ ಹೊಸ ಸೆಟ್ಟಿನಲ್ಲಿ ಹಾಡು ಕೇಳುತ್ತ ಬಂದೆವು. ನನಗೂ ಖುಷಿಯೇ ಆಗಿತ್ತು...

ಕೆಲವು ತಿಂಗಳ ಮೇಲೆ ಅಜ್ಜಿಯ ಕಣ್ಣು ತೋರಿಸಲು ಹಗರಿಬೊಮ್ಮನಹಳ್ಳಿಗೆ ಅದೇ ಕಾರಿನಲ್ಲಿ ಹೊರಟೆವು. ಅಜ್ಜಿ ಮುಂದೆ, ನಾನು ಮತ್ತು ಅವ್ವ ಹಿಂದೆ. ದಾರಿಯಲ್ಲಿ ನನಗೆ ಹೊಟ್ಟೆ ತೊಳಸಿತು. ಗಾಡಿ ನಿಲ್ಲಿಸಿ ಇಳಿದು ವಾಂತಿ ಮಾಡಿಕೊಂಡೆ. ವಾಪಸು ಹತ್ತಿದಾಗ ಅವ್ವ ನನ್ನ ಮೇಲಿಂದ ಕೈ ಚಾಚಿ ಬಾಗಿಲು ಎಳೆದುಕೊಂಡಳು. ಡಾಕ್ಟರು ಎದ್ದು ಹೋಗಿಬಿಟ್ಟಾರು ಎಂದು ಅಜ್ಜಿ ಅವಸರ ಮಾಡುತ್ತಿದ್ದಳು. ಹಾಡು ನಡೆದಿತ್ತು. ತುಸು ದೂರ ಹೋಗಿದ್ದೇವೆ, ತಿರುವಿನಲ್ಲಿ ಕುರಿಹಿಂಡು ರಸ್ತೆಗೆ ಅಡ್ಡ ಬಂತು. ಕಾಕಾ ಸ್ಟೇರಿಂಗನ್ನು ಬಲಕ್ಕೆ ತಿರುಗಿಸಿದರು. ನಾನು ಒರಗಿದ್ದ ಬಾಗಿಲು ತೆರೆದುಕೊಂಡಿತು. ಆಮೇಲೆ ಮುಖದ ಹತ್ತಿರ ಕೆಂಪು ಮಣ್ಣು, ಕುರಿಗಳ ಕಾಲು... ಮತ್ತೇನೂ ನೆನಪಿಲ್ಲ.

ಎಡ ಮೊಣಕೈ ಮುರಿದಿತ್ತು. ಆಪರೇಷನ್ ಆಯಿತು. ಕೈ ಉಳಿಯಿತು, ಆದರೆ ಇವತ್ತಿಗೂ ಪೂರ್ತಿ ನೆಟ್ಟಗಾಗುವುದಿಲ್ಲ. ಆಸ್ಪತ್ರೆಯಲ್ಲಿ ಕಾಕಾ ಒಳಗೆ ಬರದೆ ಮೆಟ್ಟಿಲ ಮೇಲೆಯೇ ಕೂತಿದ್ದರಂತೆ. ಒಂದು ಸಲ ಮಾತ್ರ ಅವ್ವ ಇಲ್ಲದ ಹೊತ್ತು ನೋಡಿ ಬಂದರು. "ನೋವೈತೇನವ್ವಾ?" ಎಂದು ಕೇಳಿದರು. ಇಲ್ಲ ಎಂದೆ. ಪಟ್ಟಿ ಕಟ್ಟಿದ ಕೈಯನ್ನು ನೋಡುತ್ತ ನಿಂತು, ಹೊರಟುಹೋದರು.

ಅಲ್ಲಿಗೆ ನಮ್ಮ ಕಟ್ಟೆಯ ಚಹಾ ನಿಂತಿತು. ಕಾಕಾ ದಾವಣಗೆರೆಗೆ ಹೋಗಿ ಅಂಗಡಿ ಅಂಗಡಿ ಅಲೆದು ಕಪ್ಲರ್ ತಂದರಂತೆ. ಸಿ.ಡಿ. ಸೆಟ್ ಕಿತ್ತುಹಾಕಿ ಕಂಪನಿಯ ಹಳೆಯ ಸೆಟ್ಟನ್ನೇ ಮತ್ತೆ ಕೂಡಿಸಿದರು. ಮದುವೆಯ ಬಾಡಿಗೆಗಳು ಬೇರೆ ಗಾಡಿಗಳಿಗೆ ಹೋದವು. ಟಿಣ್ ಟಿಣ್ ಸದ್ದು ಮರಳಿ ಬಂದರೂ ಅದನ್ನು ಅವರು ನಂಬಲಿಲ್ಲ. ಯಾರೇ ಹತ್ತಲಿ, ತಾವು ಕೆಳಗಿಳಿದು ಸುತ್ತು ಬಂದು ಪ್ರತಿ ಬಾಗಿಲನ್ನೂ ತಾವೇ ಹಾಕಿ, ಅಂಗೈಯಿಂದ ಒತ್ತಿ ನೋಡುವರು. ನಮ್ಮ ಮನೆಯ ಮುಂದೆಯೇ ದಿನವೂ ಇದು ನಡೆಯುತ್ತಿತ್ತು. ಅವ್ವ ಕಿಟಕಿಯಿಂದ ನೋಡುವಳು. ಒಮ್ಮೆ, "ನಮಗ ಬಾಗಿಲ ಹಾಕಾಕ ಬರಂಗಿಲ್ಲ ಅಂತ ತೋರಸಾಕತ್ಯಾನ" ಎಂದು ಗೊಣಗಿ ಒಳಗೆ ಹೋದಳು.

ಸಿಟ್ಟು ಎಂದುಕೊಂಡೆ. ಇಬ್ಬರಿಗೂ ಒಬ್ಬರ ಮೇಲೊಬ್ಬರಿಗೆ ಸಿಟ್ಟು, ಅದಕ್ಕೆಲ್ಲ ನನ್ನ ಕೈ ಕಾರಣ ಎಂದು. ಕಾಕಾ ಎದುರಾದರೆ ದುಪಟ್ಟಾದೊಳಗೆ ಎಡಗೈ ಮುಚ್ಚಿಕೊಳ್ಳುತ್ತಿದ್ದೆ. ಕೈ ಕಂಡ ಕೂಡಲೇ ಅವರ ಮುಖ ಇಳಿಯುತ್ತಿತ್ತು. ಬಿದ್ದವಳು ನಾನೇ ಆದರೂ ಅವರಿಗೆ ನೋವು ಕೊಡುತ್ತಿರುವವಳೂ ನಾನೇ ಅನಿಸುತ್ತಿತ್ತು. ಮುಂದೆ ಮದುವೆಯಾಗಿ ಹರಪನಹಳ್ಳಿಗೆ ಬಂದೆ. ಕಾಕಾ ತೀರಿಕೊಂಡಾಗ ಮಣ್ಣಿಗೆ ಹೋಗಿದ್ದೆ. ಅವ್ವ ಮಾತ್ರ ಓಣಿ ದಾಟಲಿಲ್ಲ, ನಮ್ಮ ಬಾಗಿಲಲ್ಲೇ ಗೋಡೆ ಹಿಡಿದು ನಿಂತಿದ್ದಳು. ಸತ್ತ ಮೇಲೂ ಇಷ್ಟು ಹಟವೇ ಎಂದು ಅವತ್ತು ನನಗೆ ಬೇಸರವಾಗಿತ್ತು.

ಸ್ಟೀರಿಯೊ ಹಾಕಿಸಿದ ವಾರವೇ ಕೊಟ್ಟೂರಿಗೆ ಹೋದೆ. ನೇರವಾಗಿ ಕಾಕಾನ ಹೆಂಡತಿಯ ಬಳಿಗೆ ಹೋಗಿ ಕೂತೆ. ಮಾತು ಅದೂ ಇದೂ ಸುತ್ತಿ ಕಾರಿಗೆ ಬಂತು. ನಮ್ಮ ಎರಡು ಮನೆಗಳ ನಡುವೆ ಇಷ್ಟು ವರ್ಷ ಯಾಕೆ ಮಾತಿಲ್ಲದ ಹಾಗಾಯಿತು ಕಾಕಿ ಎಂದು ಕೊನೆಗೂ ಕೇಳಿದೆ.

"ನಿಮ್ಮ ಕಾಕಾಗ ಮುಖ ಇರಲಿಲ್ಲವ್ವ" ಎಂದರು ಕಾಕಿ. "ಆ ವೈರ್ ನಾನಾ ಕಟ್ ಮಾಡಿಸೀನಿ, ಹುಡುಗಿ ಕೈ ನಾನಾ ಮುರದೀನಿ ಅಂತಿದ್ದ. ಅಕ್ಕ ಸಿಟ್ಟಾಗ್ಯಾಳ, ಆಗಬೇಕಾದ್ದ ಅಂತಿದ್ದ. ನಾನು ಹೋಗಿ ಮಾತಾಡ್ತೀನಿ ಅಂದ್ರ ಬ್ಯಾಡ ಅಂತ ಆಣಿ ಹಾಕಿದ್ದ."

ನಾನು ಮನೆಗೆ ಬಂದು ಅವ್ವನಿಗೆ ಇದನ್ನು ಹೇಳಿದೆ. ಅವಳು ಅವರೆಕಾಯಿ ಸುಲಿಯುತ್ತಿದ್ದಳು. ಕೈ ನಿಂತಿತು.

"ಯಾವ ವೈರು?" ಎಂದಳು.

ಕೂಡ್ಲಿಗಿಯ ಅಂಗಡಿಯಲ್ಲಿ ನಡೆದದ್ದನ್ನು ಹೇಳಿದೆ. ಅದು ಇವಳಿಗೂ ಗೊತ್ತಿದೆ ಎಂದೇ ನಾನು ಇಷ್ಟು ವರ್ಷ ತಿಳಿದಿದ್ದೆ. ಅವಳಿಗೆ ಗೊತ್ತೇ ಇರಲಿಲ್ಲ.

"ಬಾಗಿಲ ಪೂರಾ ಬಿದ್ದಿರಲಿಲ್ಲ" ಎಂದಳು ಆಮೇಲೆ. "ಚೀಲದ ಹಿಡಿಕಿ ನಡುವ ಸಿಕ್ಕಿತ್ತು. ನಾನು ನೋಡೀನಿ. ಅತ್ತಿ ಅವಸರ ಮಾಡಾಕತ್ತಿದ್ಲು. ಮುಂದ ಗಾಡಿ ನಿಂತಾಗ ಸರಿ ಮಾಡಿದ್ರಾತು ಅಂತ ಸುಮ್ಮನಾದೆ. ಅಣ್ಣಗ ಅದು ಗೊತ್ತೈತಿ, ಅದಕ್ಕ ನನ್ನ ಮಾತಾಡ್ಸಂಗಿಲ್ಲ ಅನಕೊಂಡಿದ್ದೆ."

ಮುದುಡಿದ ನನ್ನ ಮೊಣಕೈಯನ್ನು ಅವ್ವ ಹಿಡಿದುಕೊಂಡಳು, ಹಿಡಿದೇ ಎದ್ದು ನಿಂತಳು. ಚಪ್ಪಲಿ ಮೆಟ್ಟದೆ ಓಣಿ ದಾಟಿದಳು. ನಾನು ಹಿಂದೆ ಹೋದೆ.

ಕಾಕಿ ಅವ್ವನನ್ನು ಕಂಡು ಗಾಬರಿಯಿಂದ ಚಾಪೆ ಹಾಸಿದರು. ಅವ್ವ ಕೂರಲಿಲ್ಲ. ಬಾಗಿಲು, ಚೀಲ, ಅತ್ತೆಯ ಅವಸರ, ಎಲ್ಲವನ್ನೂ ನಿಂತೇ ಹೇಳಿದಳು. ಕಾಕಿ ಕೇಳಿಸಿಕೊಂಡರು. ಗೋಡೆಗೆ ತೂಗುಹಾಕಿದ್ದ ಗಂಡನ ಫೋಟೊದತ್ತ ನೋಡಲಿಲ್ಲ, ಅವ್ವನನ್ನೇ ನೋಡುತ್ತಿದ್ದರು.

"ಅವಂಗ ಇದು ಗೊತ್ತಿರಲಿಲ್ಲಕ್ಕ" ಎಂದರು ಮೆಲ್ಲಗೆ. "ಸಾಯೋ ತನಕ ಗೊತ್ತಿರಲಿಲ್ಲ."

ಅವ್ವ ಆಗ ಚಾಪೆಯ ಮೇಲೆ ಕೂತಳು. ಈಗ ದಿನವೂ ಸಂಜೆ ಅವಳು ಆ ಮನೆಗೆ ಹೋಗುತ್ತಾಳೆ, ಇಬ್ಬರೂ ಚಹಾ ಕುಡಿಯುತ್ತಾರೆ. ಏನು ಮಾತಾಡುತ್ತೀರಿ ಎಂದು ಫೋನಿನಲ್ಲಿ ಕೇಳಿದರೆ, ಏನಿಲ್ಲ, ಸುಮ್ಮನೆ ಕೂತಿರುತ್ತೇವೆ ಎನ್ನುತ್ತಾಳೆ. ಅವ್ವನನ್ನು ಕ್ಷಮಿಸಬೇಕಾದ ಕಾಕಾ ಇಲ್ಲ. ಅವ್ವನ ಕ್ಷಮೆ ಬೇಕೆಂದು ಕಾದಿದ್ದವರೂ ಅವರೇ ಆಗಿದ್ದರು.